ತುಳು ಕಲಿತ ಪಾದ್ರಿಗಳು

ಮಂಗಳೂರಿನಿಂದ ಮೂಡುದಿಕ್ಕಿಗೆ ಹೊರಟವರಿಗೆ ಬಂಟ್ವಾಳದ ಪೇಟೆಯಲ್ಲಿ ಕೊಂಕಣಿ ಕೇಳುತ್ತದೆ, ಮೂಡುಬಿದಿರೆಯ ಬಸದಿಗಳಲ್ಲಿ ಕನ್ನಡ ಶಾಸನಗಳು ಕಾಣುತ್ತವೆ. ಬೆಳ್ತಂಗಡಿಯ ಗದ್ದೆ ತೋಟಗಳಿಗೆ ಇಳಿದರೆ ತುಳು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸೀಮೆಗೆ ಬಂದ ಜರ್ಮನ್ ಪಾದ್ರಿಗಳ ಮೊದಲ ತೊಡಕು ಧರ್ಮದ್ದಲ್ಲ, ಮಾತಿನದು.

1833ರ ಸನ್ನದು ಕಾಯಿದೆ ಬ್ರಿಟಿಷರಲ್ಲದ ಮಿಶನ್‌ಗಳಿಗೂ ಕಂಪೆನಿಯ ಸೀಮೆಯನ್ನು ತೆರೆಯಿತು. ಮರುವರ್ಷವೇ ಬಾಸೆಲ್ ಮಿಶನ್ನಿನ ಹೆಬಿಕ್, ಲೇನರ್ ಮತ್ತು ಗ್ರೈನರ್ ಮಂಗಳೂರು ಸೇರಿದರು. ಕಚೇರಿ, ಶಾಲೆಗಳ ಭಾಷೆ ಕನ್ನಡವಾದ್ದರಿಂದ ಅದನ್ನು ಕಲಿಸುವ ಮುನ್ಷಿಗಳು ಸಿಗುತ್ತಿದ್ದರು. ಆದರೆ ಕನ್ನಡದಲ್ಲಿ ಮಾಡಿದ ಉಪದೇಶ ಹಳ್ಳಿಯ ಅಂಗಳ ದಾಟಿ ಒಳಗೆ ಹೋಗುವಂತಿರಲಿಲ್ಲ. ತುಳು ಕಲಿಯೋಣವೆಂದರೆ ಅಚ್ಚಾದ ಒಂದು ಪುಸ್ತಕವೂ ಇಲ್ಲ. ಹಳೆಯ ತುಳು ಕಾವ್ಯಗಳು ತಿಗಳಾರಿ ಲಿಪಿಯ ತಾಳೆಗರಿಗಳಲ್ಲಿ ಅಡಗಿದ್ದವು; ಅವು ವಿದ್ವಾಂಸರ ಕೈಗೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಹಾಗಾಗಿ ಉಳುವವರು, ಕಳ್ಳು ಇಳಿಸುವವರು, ಮನೆಗೆಲಸದವರೇ ಪಾದ್ರಿಗಳಿಗೆ ಗುರುಗಳಾಗಬೇಕಾಯಿತು. ಎಲ್ಲರಿಗೂ ಇದು ಒಗ್ಗಲಿಲ್ಲ. ಉತ್ಸಾಹದಲ್ಲಿ ಯಾರಿಗೂ ಕಡಿಮೆಯಿಲ್ಲದ ಹೆಬಿಕ್ ದುಭಾಷಿಗಳನ್ನು ನೆಚ್ಚಿಕೊಂಡೇ ಉಪದೇಶ ಮಾಡಿದರು.

ಕಲಿಕೆ ಸುಲಭದ್ದೂ ಅಲ್ಲ. 'ಯಾನ್ ಬತ್ತೆ' ಎಂದರೆ ನಾನು ಬಂದೆ. 'ಆಯೆ ಬತ್ತೆ' ಎಂದರೆ ಅವನು ಬಂದ. ಬರವಣಿಗೆಯಲ್ಲಿ ಎರಡೂ 'ಬತ್ತೆ'ಗಳು ಒಂದೇ. ಆಡುವಾಗ ಮೊದಲನೆಯದರ ಕೊನೆಯ ಸ್ವರಕ್ಕೆ ಬಾಯಿ ಹೆಚ್ಚು ತೆರೆಯಬೇಕು. ಸಾಲದ್ದಕ್ಕೆ ಜಾತಿಗೊಂದು, ಊರಿಗೊಂದು ಉಚ್ಚಾರ. ತಲೆಗೆ 'ತರೆ' ಎಂದು ಕಲಿತು ಹೋದವನಿಗೆ ಜೈನರ ಮನೆಯಲ್ಲಿ 'ಹರೆ' ಎಂದು ಕೇಳಿಸುತ್ತಿತ್ತು. ದಾರಿಯೆಂಬ 'ಸಾದಿ' ಅಲ್ಲಿ 'ಹಾದಿ'.

1841ರಲ್ಲಿ ಮಂಗಳೂರಿನಲ್ಲಿ ಮಿಶನ್ನಿನ ಕಲ್ಲಚ್ಚು ಮುದ್ರಣಾಲಯ ಶುರುವಾಯಿತು. ಮರುವರ್ಷ ಗ್ರೈನರ್ ಅನುವಾದಿಸಿದ ಮತ್ತಾಯನ ಸುವಾರ್ತೆ ತುಳುವಿನಲ್ಲಿ ಅಚ್ಚಾಯಿತು, ಕನ್ನಡ ಲಿಪಿಯಲ್ಲಿ. ತುಳುವಿಗೆ ಕನ್ನಡ ಲಿಪಿಯೇ ರೂಢಿಯಾಗಲು ಈ ಅಚ್ಚಿನ ಕೆಲಸ ದೊಡ್ಡ ಕಾರಣ. 1847ರಲ್ಲಿ ಅಮ್ಮನ್ನರ ಹೊಸ ಒಡಂಬಡಿಕೆ ಬಂತು. 1872ರಲ್ಲಿ ಬ್ರಿಗೆಲ್ಲರ ವ್ಯಾಕರಣ, 1886ರಲ್ಲಿ ಮ್ಯಾನರ್ ಅವರ ತುಳು-ಇಂಗ್ಲಿಷ್ ನಿಘಂಟು, ಎರಡು ವರ್ಷಗಳ ಮೇಲೆ ಇಂಗ್ಲಿಷ್-ತುಳು ನಿಘಂಟು.

ಮಾತು ಕಲಿಸಿದವರ ಪಾಡೇನು? ಮೊದಲು ಮತಾಂತರಗೊಂಡವರಲ್ಲಿ ಬಿಲ್ಲವರು ಹೆಚ್ಚು. ಜಾತಿಯಿಂದ ಹೊರಬಿದ್ದವನಿಗೆ ನೆಂಟಸ್ತಿಕೆ ಕಡಿಯಿತು, ಎಷ್ಟೋ ಸಲ ಗೇಣಿಯೂ ಹೋಯಿತು. ಕಳ್ಳಿನ ಕಸುಬಿಗೆ ಮಿಶನ್ನಿನದೇ ಅಡ್ಡಿ. ಬಲ್ಮಠದ ಮಗ್ಗಗಳು, 1865ರಲ್ಲಿ ಜೆಪ್ಪುವಿನಲ್ಲಿ ಶುರುವಾದ ಹಂಚಿನ ಕಾರ್ಖಾನೆ ಇವರ ಹೊಟ್ಟೆಪಾಡಿಗೆ ಆಸರೆಯಾದವು. ಕರಾವಳಿಯ ಕೆಂಪು ಹಂಚನ್ನು ಕೊಂಡಾಡುವವರು ಈ ಭಾಗವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಇನ್ನೊಂದು ವಿಚಿತ್ರವಿದೆ. ಭೂತಾರಾಧನೆಯನ್ನು ಪಾದ್ರಿಗಳು ಸೈತಾನನ ಪೂಜೆಯೆಂದೇ ಬಗೆದಿದ್ದರು. ಆದರೆ ತುಳುವಿನ ತಿರುಳು ಹುಡುಕುತ್ತ ಹೋದವರಿಗೆ ಸಿಕ್ಕಿದ್ದು ಭೂತದ ಕಲದಲ್ಲಿ, ನಾಟಿಯ ಗದ್ದೆಯಲ್ಲಿ ಹಾಡುವ ಪಾಡ್ದನಗಳು. ಎದುರಾಳಿಯನ್ನು ಅರಿಯಲೆಂದೋ, ಹಾಡಿನ ಮೋಡಿಗೆ ಸಿಕ್ಕೋ, ಅಂತೂ ಬರೆದುಕೊಂಡರು. ನಿಘಂಟು ಬಂದ 1886ರಲ್ಲೇ ಮ್ಯಾನರ್ ಸಂಗ್ರಹಿಸಿದ ಪಾಡ್ದನಗಳೂ ಮಿಶನ್ ಮುದ್ರಣಾಲಯದಿಂದಲೇ ಹೊರಬಂದವು. ಹಾಡಿಕೊಟ್ಟವರಿಗೆ ಓದಲು ಬರುತ್ತಿದ್ದುದು ಅಪರೂಪ.

ಮೊದಲ ಮಹಾಯುದ್ಧದಲ್ಲಿ ಶತ್ರುದೇಶದವರೆಂದು ಜರ್ಮನ್ ಪಾದ್ರಿಗಳನ್ನು ಸರಕಾರ ಹೊರಹಾಕಿತು, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ತುಳುವಿಗೆ ಇನ್ನೊಂದು ಮಹಾನಿಘಂಟು ಬರಲು ನೂರು ವರ್ಷ ಹಿಡಿಯಿತು: ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರವರೆಗೆ ಆರು ಸಂಪುಟಗಳು. ಅದಕ್ಕಾಗಿ ಪದ ಹುಡುಕಿದವರೂ ಮತ್ತೆ ಹಳ್ಳಿಯ ಅಂಗಳಕ್ಕೇ ಹೋಗಬೇಕಾಯಿತು.