ಸಾನಿಕ್ ಬೂಮ್

ಲ್ಯಾಟಿನ್ನಿನಲ್ಲಿ ‘ಸೋನುಸ್’ ಎಂದರೆ ಸದ್ದು. ‘ಸಾನಿಕ್’ ಹುಟ್ಟಿದ್ದು ಅದರಿಂದ. ಸಂಸ್ಕೃತದ ‘ಸ್ವನ’ ಅದರ ದಾಯಾದಿ, ಹಾಗಾಗಿ ನಮ್ಮ ಭಾಷಾಶಾಸ್ತ್ರದ ‘ಸ್ವನಿಮಾ’ ಕೂಡ ದೂರದ ನೆಂಟನೇ. ‘ಬೂಮ್’ಗೆ ಅಂಥ ಕುಲಗೋತ್ರವಿಲ್ಲ. ಅದು ನಮ್ಮ ‘ಢಮಾರ್’ನಂತೆ ಬರೀ ಅನುಕರಣ ಪದ.

ವಿಮಾನ ಶಬ್ದದ ವೇಗವನ್ನು ಮೀರಿದ ಆ ಒಂದು ಗಳಿಗೆಯಲ್ಲಷ್ಟೇ ಸಾನಿಕ್ ಬೂಮ್ ಎಂಬ ಈ ಸದ್ದು ಹುಟ್ಟುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಆ ವೇಗದಲ್ಲಿ ಇರುವಷ್ಟು ಹೊತ್ತೂ ಆಘಾತದ ಅಲೆ ವಿಮಾನದ ಹಿಂದೆಯೇ ನೆಲವನ್ನು ಸವರುತ್ತ ಸಾಗುತ್ತದೆ.

ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಕಾಂಕಾರ್ಡ್ ಪ್ರಯಾಣಿಕ ವಿಮಾನ ನೆಲಕ್ಕೆ ಕಳಿಸುತ್ತಿದ್ದ ಹೆಚ್ಚುವರಿ ಒತ್ತಡ ಸುಮಾರು 93 ಪ್ಯಾಸ್ಕಲ್, ಅಂದರೆ ವಾಯುಭಾರದ ಸಾವಿರದಲ್ಲೊಂದು ಪಾಲೂ ಅಲ್ಲ. ಗಟ್ಟಿ ಗೋಡೆಗೆ ಇದು ಲೆಕ್ಕಕ್ಕಿಲ್ಲ. ಆದರೆ ಒತ್ತಡ ತಟ್ಟನೆ ಏರಿ, ಕೆಳಕ್ಕಿಳಿದು, ಮತ್ತೆ ತಟ್ಟನೆ ಮೊದಲಿನಂತಾಗುವ ಆ ಕುಲುಕಾಟವನ್ನು ಕಿಟಕಿ ಗಾಜು, ಸಡಿಲಗೊಂಡ ಗಾರೆ ಕೆಲವೊಮ್ಮೆ ತಾಳಲಾರವು. 1964ರಲ್ಲಿ ಅಮೆರಿಕದ ಓಕ್ಲಹೋಮಾ ನಗರದ ಮೇಲೆ ಆರು ತಿಂಗಳಲ್ಲಿ 1,253 ಬೂಮ್ ಬೀಳಿಸಿ ಪರೀಕ್ಷಿಸಿದರು. ಮೊದಲ 14 ವಾರಗಳಲ್ಲೇ ಅಲ್ಲಿನ ಎರಡು ಅತಿ ಎತ್ತರದ ಕಟ್ಟಡಗಳ 147 ಕಿಟಕಿಗಳು ಒಡೆದವು. ಪರಿಹಾರ ಕೇಳಿದವರು ಸಾವಿರಾರು ಮಂದಿ. ಗೋಡೆಯ ಬಿರುಕು ಮೊದಲೇ ಇತ್ತೋ ಬೂಮ್‌ನಿಂದ ಬಂತೋ ಎಂದು ತೀರ್ಮಾನಿಸುವುದು ಇಂಥ ಕಡೆ ನಿಜಕ್ಕೂ ಪಡಿಪಾಟಲು. 1973ರಲ್ಲಿ ಅಮೆರಿಕ ತನ್ನ ನೆಲದ ಮೇಲೆ ನಾಗರಿಕ ವಿಮಾನಗಳು ಶಬ್ದದ ವೇಗ ಮೀರದಂತೆ ನಿಷೇಧಿಸಿತು.

ಬೆಂಗಳೂರಿಗರಿಗೆ ಈ ಪದ ಪರಿಚಿತವಾದದ್ದು 2020ರ ಮೇ 20ರಂದು. ಮಧ್ಯಾಹ್ನ ಕಿಟಕಿಗಳು ಅದುರಿದಾಗ ಭೂಕಂಪವೇ ಎಂದು ಜನ ಗಾಬರಿಯಾದರು. ಭೂಕಂಪಮಾಪಕಗಳಲ್ಲಿ ಕಂಪನ ದಾಖಲಾಗಿರಲಿಲ್ಲ. ಅದು ವಾಯುಪಡೆಯ ಪರೀಕ್ಷಾ ಹಾರಾಟ ಎಂದು ರಕ್ಷಣಾ ಸಚಿವಾಲಯ ಆಮೇಲೆ ತಿಳಿಸಿತು.