ಕುಲದ ಹೆಸರು, ಕಾಡಿನ ವಿಳಾಸ: ಪುಣಜನೂರಿನ ಆಚೀಚೆ ಹಬ್ಬಿದ ಸೋಲಿಗ ಕುಲಗಳನ್ನು ಅರಿತ ಬಗೆ

ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ಹೆದ್ದಾರಿಯಲ್ಲಿ ಕರ್ನಾಟಕದ ಕೊನೆಯ ಊರುಗಳ ಪೈಕಿ ಪುಣಜನೂರು ಒಂದು. ಚೆಕ್‌ಪೋಸ್ಟ್ ದಾಟಿ ಕಾಡಿನೊಳಗೆ ಸಾಗಿದರೆ ತಮಿಳುನಾಡಿನ ಹಾಸನೂರು, ಅದರಾಚೆ 27 ತಿರುವುಗಳ ದಿಂಬಂ ಘಾಟಿ. ಎಡಗಡೆ ಬಿಳಿಗಿರಿರಂಗನ ಬೆಟ್ಟದ ಸಾಲು, ಬಲಗಡೆ ಕನ್ನಡ ಮಾತಾಡುವ ತಾಳವಾಡಿ ಸೀಮೆ. ಈ ಗಡಿಯ ಎರಡೂ ಕಡೆ ಸೋಲಿಗರ ಪೋಡುಗಳು, ಅಂದರೆ ಅವರ ಕಾಡಿನ ಹಾಡಿಗಳು, ಇವೆ. ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಅವರು ಸೋಲಿಗರು, ತಮಿಳುನಾಡಿನ ಪಟ್ಟಿಯಲ್ಲಿ ಶೋಲಗರು. ಪಟ್ಟಿ ಎರಡಾದರೂ ಕುಲ ಯಾವುದೆಂದು ಕೇಳಿದರೆ ಎರಡೂ ಕಡೆ ಬರುವ ಉತ್ತರ ಒಂದೇ: ತೆನೇರು, ಸೂರಿಯರು, ಆಲೇರು, ಬೆಳ್ಳೇರು, ಚಲಿಕಿರಿ.

ಈ ಹೆಸರುಗಳು ರೇಷನ್ ಕಾರ್ಡಿನಲ್ಲಿಲ್ಲ, ಮತದಾರರ ಪಟ್ಟಿಯಲ್ಲೂ ಇಲ್ಲ. ಹಳೆ ಮೈಸೂರಿನ ಉಳಿದವರಂತೆ ಸೋಲಿಗರೂ ತಂದೆಯ ಹೆಸರಿನ ಮೊದಲಕ್ಷರ ಹಿಡಿದು ಮಾದೇಗೌಡ, ಕೇತಮ್ಮ, ರಂಗೇಗೌಡ, ಜಡೆಯ ಎಂದೇ ದಾಖಲಾಗುತ್ತಾರೆ. ಮದುವೆಯ ಮಾತುಕತೆಯಲ್ಲಿ, ಹಬ್ಬದಲ್ಲಿ, ಸಾವಿನಲ್ಲಿ ಮಾತ್ರ ಕುಲದ ಹೆಸರು ಮುಂದೆ ಬರುತ್ತದೆ. ಹೀಗೆ ಬಾಯಲ್ಲೇ ಉಳಿದುಬಂದ ಹೆಸರುಗಳನ್ನು ಹೊರಗಿನವರು ಯಾವಾಗ, ಹೇಗೆ, ಎಷ್ಟರಮಟ್ಟಿಗೆ ಅರಿತರು ಎಂಬುದಕ್ಕೆ ಇನ್ನೂರು ವರ್ಷಗಳ ಚರಿತ್ರೆಯಿದೆ. ಆ ಅರಿವು ಮೊದಲು ಪಟ್ಟಿಯಾಗಿತ್ತು, ಆಮೇಲೆ ನಿಯಮವಾಯಿತು, ಕೊನೆಗೆ ನಕ್ಷೆಯಾಯಿತು. ನಕ್ಷೆಯ ಹಂತ ಮುಟ್ಟಿದ ಮೇಲೆಯೇ ಈ ಹೆಸರುಗಳ ನಿಜವಾದ ಅರ್ಥ ತೆರೆದುಕೊಂಡಿತು ಎಂಬುದು ಈ ಲೇಖನದ ವಾದ.

ಪಟ್ಟಿಯ ಕಾಲ

1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಕೈಗೆ ಬಂದ ಸೀಮೆಯಲ್ಲಿ ಏನೇನಿದೆ ಎಂದು ತಿಳಿಯಲು ಕಂಪನಿ ಸರ್ಕಾರ ವೈದ್ಯ ಫ್ರಾನ್ಸಿಸ್ ಬುಕಾನನ್‌ನನ್ನು ಕಳಿಸಿತು. 1800-01ರಲ್ಲಿ ಅವನು ಮದರಾಸಿನಿಂದ ಹೊರಟು ಮೈಸೂರು, ಕೊಯಮತ್ತೂರು, ಮಲಬಾರು, ಕೆನರಾ ಸೀಮೆಗಳನ್ನು ಸುತ್ತಿದ. 1807ರಲ್ಲಿ ಅಚ್ಚಾದ ಅವನ ಪ್ರವಾಸ ಕಥನದಲ್ಲಿ ಬೆಟ್ಟದ ಸೋಲಿಗರ ಪ್ರಸ್ತಾಪ ಬರುತ್ತದೆ. ಅವನ ಕಣ್ಣು ಇದ್ದದ್ದು ಬೆಳೆ, ಕಂದಾಯ, ಕಾಡಿನ ಉತ್ಪನ್ನಗಳ ಮೇಲೆ. ಸೋಲಿಗರ ಒಳಗಿನ ಕುಲವ್ಯವಸ್ಥೆಯನ್ನು ಅರಿಯುವ ಉದ್ದೇಶ ಆ ಪ್ರವಾಸಕ್ಕೆ ಇರಲಿಲ್ಲ.

ಕುಲಗಳ ಹೆಸರು ಸ್ಪಷ್ಟವಾಗಿ ಅಚ್ಚಾದದ್ದು ನೂರು ವರ್ಷಗಳ ನಂತರ. ಮದರಾಸಿನ ವಸ್ತುಸಂಗ್ರಹಾಲಯದ ಮುಖ್ಯಸ್ಥನಾಗಿದ್ದ ಎಡ್ಗರ್ ಥರ್ಸ್ಟನ್, ಕೆ. ರಂಗಾಚಾರಿಯವರ ನೆರವಿನಿಂದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಏಳು ಸಂಪುಟಗಳನ್ನು 1909ರಲ್ಲಿ ಹೊರತಂದ. ಅದರಲ್ಲಿ ಶೋಲಗರ ಐದು ಕುಲಗಳ ಹೆಸರಿದೆ. ಜೊತೆಗೆ ಮಹತ್ವದ ಒಂದು ಮಾತೂ ಇದೆ: ಚಲಿಕಿರಿ, ತೆನೇರು, ಬೆಳ್ಳೇರು ಈ ಮೂರು ಅಣ್ಣತಮ್ಮಂದಿರ ಕುಲಗಳು, ಇವರೊಳಗೆ ಮದುವೆಯಿಲ್ಲ, ಹೆಣ್ಣು ಕೊಟ್ಟು ತರುವುದು ಸೂರಿಯರು ಮತ್ತು ಆಲೇರರೊಂದಿಗೆ.

ಇಲ್ಲಿ ಆಡಳಿತದ ಗಡಿಯನ್ನು ನೆನಪಿಡಬೇಕು. 1956ರವರೆಗೆ ಕೊಳ್ಳೇಗಾಲ ತಾಲ್ಲೂಕು, ಮಲೆ ಮಹದೇಶ್ವರ ಬೆಟ್ಟ ಸಮೇತ, ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಚಾಮರಾಜನಗರ, ಯಳಂದೂರು ಮೈಸೂರು ಸಂಸ್ಥಾನದಲ್ಲಿದ್ದವು. ಹಾಗಾಗಿ ಒಂದೇ ಬೆಟ್ಟಸಾಲಿನ ಜನ ಎರಡು ಸರ್ಕಾರಗಳ ಪುಸ್ತಕಗಳಲ್ಲಿ ಹಂಚಿಹೋದರು. ಮದರಾಸಿನ ಕಡೆಯವರನ್ನು ಥರ್ಸ್ಟನ್ ಬರೆದ. ಮೈಸೂರಿನ ಕಡೆಯವರು ಲೂಯಿಸ್ ರೈಸ್‌ನ ಗೆಜೆಟಿಯರಿನಲ್ಲೂ, ಎಚ್.ವಿ. ನಂಜುಂಡಯ್ಯ ಮತ್ತು ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರ ಹೆಸರಿನಲ್ಲಿ ಮೈಸೂರು ವಿಶ್ವವಿದ್ಯಾನಿಲಯ 1928ರಿಂದ 1935ರವರೆಗೆ ಪ್ರಕಟಿಸಿದ ಸಂಪುಟಗಳಲ್ಲೂ ಬಂದರು. ಒಂದೇ ಕುಲ ಒಂದು ಕಡೆ ‘ಸೂರಿಯ’, ಇನ್ನೊಂದು ಕಡೆ ‘ಸೂರ್ಯರು’. ಒಂದು ಕಡೆ ‘ಚಲಿಕಿರಿ’, ಇನ್ನೊಂದು ಕಡೆ ‘ಸೆಲಿಕಿರು’. ಬರೆದುಕೊಂಡವರ ಕಿವಿ ಬೇರೆಯಾದಂತೆ ಕಾಗುಣಿತವೂ ಬೇರೆಯಾಯಿತು.

1956ರಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು. ತಾಳವಾಡಿ, ಹಾಸನೂರು, ಬರಗೂರು ಬೆಟ್ಟಗಳು ಆಚೆಯೇ ಉಳಿದವು. ಗಡಿಯ ಗೆರೆ ಜಾಗ ಬದಲಿಸಿತೇ ಹೊರತು ಕುಲಗಳನ್ನು ಸೀಳುವುದು ನಿಲ್ಲಲಿಲ್ಲ.

ನಿಯಮದ ಕಾಲ

ಸ್ವಾತಂತ್ರ್ಯಾನಂತರದ ಮಾನವಶಾಸ್ತ್ರಜ್ಞರು ಪಟ್ಟಿಗೆ ತೃಪ್ತರಾಗದೆ, ಈ ಹೆಸರು ಬದುಕಿನಲ್ಲಿ ಏನು ಕೆಲಸ ಮಾಡುತ್ತದೆ ಎಂದು ಕೇಳಿದರು. ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣ ಇಲಾಖೆಯ ಎಸ್.ಜಿ. ಮೊರಬ್ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಮೇಲೆ ಬರೆದ ಗ್ರಂಥ 1977ರಲ್ಲಿ ಪ್ರಕಟವಾಯಿತು. ಪೋಡು, ಬೇಸಾಯ, ಪಂಚಾಯ್ತಿ, ಮದುವೆ, ದೇವರು ಎಲ್ಲವನ್ನೂ ಒಟ್ಟಿಗೆ ನೋಡಿದ ಆ ಕೃತಿ ಇಂದಿಗೂ ಈ ವಿಷಯಕ್ಕೆ ಕೈ ಹಾಕುವವರ ಮೊದಲ ಮೆಟ್ಟಿಲು.

ಕುಲದ ನಿಯಮ ಕೇಳಲು ಸರಳ, ಪರಿಣಾಮದಲ್ಲಿ ಆಳ. ಇಬ್ಬರು ಅಪರಿಚಿತ ಸೋಲಿಗರು ಸಂತೆಯಲ್ಲೋ ಜಾತ್ರೆಯಲ್ಲೋ ಎದುರಾದರೆ ಕುಲ ತಿಳಿದ ಕೂಡಲೇ ಸಂಬಂಧ ನಿಶ್ಚಯವಾಗುತ್ತದೆ. ಅಣ್ಣತಮ್ಮಂದಿರ ಕುಲವಾದರೆ ‘ಅಣ್ಣ’, ‘ತಮ್ಮ’. ಹೆಣ್ಣು ಕೊಟ್ಟು ತರುವ ಕುಲವಾದರೆ ‘ಮಾವ’, ‘ಭಾವ’. ಒಬ್ಬ ಪುಣಜನೂರು ಕಡೆಯವನು, ಇನ್ನೊಬ್ಬ ಹಾಸನೂರು ಕಡೆಯವನು ಎಂಬುದರಿಂದ ಆ ಲೆಕ್ಕ ಬದಲಾಗುವುದಿಲ್ಲ. ಹುಡುಗ ಹುಡುಗಿ ಒಪ್ಪಿ ಕಾಡಿಗೆ ಹೋಗಿ ಕೂಡಿ ಬರುವ ಪದ್ಧತಿಯನ್ನು ಸೋಲಿಗ ಸಮಾಜ ದಂಡ ಕಟ್ಟಿಸಿಕೊಂಡು ಒಪ್ಪುತ್ತದೆ. ಕುಲದ ನಿಯಮ ಮುರಿದುದಕ್ಕೆ ಆ ಔದಾರ್ಯವಿಲ್ಲ.

ಇಂಥ ವ್ಯವಸ್ಥೆ ಸೋಲಿಗರದು ಮಾತ್ರ ಅಲ್ಲ. ಇರಾವತಿ ಕರ್ವೆ 1953ರಲ್ಲಿ ಭಾರತದ ಬಂಧುತ್ವ ವ್ಯವಸ್ಥೆಗಳ ಬಗ್ಗೆ ಬರೆದಾಗ, 1981ರಲ್ಲಿ ಥಾಮಸ್ ಟ್ರೌಟ್‌ಮನ್ ದ್ರಾವಿಡ ಬಂಧುತ್ವದ ಬಗ್ಗೆ ಬರೆದಾಗ, ಸೋದರಮಾವನ ಮಗಳನ್ನೋ ಸೋದರತ್ತೆಯ ಮಗಳನ್ನೋ ತರುವ ದಕ್ಷಿಣದ ರೂಢಿಯ ತರ್ಕ ಬಿಡಿಸಿ ತೋರಿಸಿದರು. ಸೋಲಿಗ ಕುಲಗಳು ಆ ದೊಡ್ಡ ಚಿತ್ರದ ಅತ್ಯಂತ ಸ್ಫುಟವಾದ ಒಂದು ಮೂಲೆ.

ಇದೇ ನಿಯಮ ದೇವರನ್ನೂ ಬಿಟ್ಟಿಲ್ಲ. ಬಿಳಿಗಿರಿರಂಗ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದನೆಂಬ ಕಥೆಯಿಂದಾಗಿ ಅವನು ಇವರಿಗೆ ಭಾವ. ಮಲೆ ಮಾದೇಶ್ವರನ ಕಾವ್ಯದ ಸಂಕಮ್ಮನ ಸಾಲಿನಲ್ಲಿ ಜೇನಿಗೆ ಹೋಗುವ ಅವಳ ಗಂಡ, ಸೋಲಿಗರ ನೀಲೇಗೌಡನಿದ್ದಾನೆ. ಮಾದೇಶ್ವರನ ವರದಿಂದ ಸಂಕಮ್ಮನಿಗೆ ಹುಟ್ಟಿದ ಮಕ್ಕಳು ಕಾರಯ್ಯ, ಬಿಲ್ಲಯ್ಯ. ಸೋಲಿಗರು ತಮ್ಮ ಮೂಲವನ್ನು ಹೇಳುವಾಗ ಕಾರಯ್ಯನ ಹೆಸರು ತೆಗೆಯುತ್ತಾರೆ. ಜಾನಪದ ವಿದ್ವಾಂಸರು, ಮುಖ್ಯವಾಗಿ 1970ರ ದಶಕದಲ್ಲಿ ಜೀ.ಶಂ. ಪರಮಶಿವಯ್ಯ, ಪಿ.ಕೆ. ರಾಜಶೇಖರ ಅವರಂಥವರು, ಹಾಡುಗಾರರಾದ ನೀಲಗಾರರು ಮತ್ತು ದೇವರಗುಡ್ಡರ ಬಾಯಿಂದ ಇಂಥ ಕಾವ್ಯಗಳನ್ನು ಬರೆದಿಟ್ಟುಕೊಳ್ಳದಿದ್ದರೆ ಕುಲದ ಮೂಲದ ಬಗ್ಗೆ ಸರ್ಕಾರಿ ಸಂಪುಟಗಳ ಒಣ ಮಾತು ಮಾತ್ರ ನಮಗೆ ಉಳಿಯುತ್ತಿತ್ತು.

ಹೆಸರಿನಿಂದ ವಲಸೆಯ ಲೆಕ್ಕ: ಹೊರನಾಡಿನ ದಾರಿ ಇಲ್ಲಿ ಸಾಗದು

ಹೆಸರು ಹಿಡಿದು ಜನರ ಮೂಲ ಮತ್ತು ಹರಡುವಿಕೆ ಹುಡುಕುವ ಶಾಸ್ತ್ರ ಯುರೋಪಿನಲ್ಲಿ ಬಲವಾಗಿ ಬೆಳೆದಿದೆ. ಚಾರ್ಲ್ಸ್ ಡಾರ್ವಿನ್ನನ ಮಗ ಜಾರ್ಜ್ ಡಾರ್ವಿನ್ 1875ರಲ್ಲಿ, ಒಂದೇ ಮನೆತನದ ಹೆಸರಿನವರು ಎಷ್ಟು ಮಂದಿ ಪರಸ್ಪರ ಮದುವೆಯಾಗಿದ್ದಾರೆಂದು ಎಣಿಸಿ ರಕ್ತಸಂಬಂಧದ ಮದುವೆಗಳ ಪ್ರಮಾಣ ಅಂದಾಜು ಮಾಡಿದ. ಇಟಲಿಯಲ್ಲಿ 1563ರ ಟ್ರೆಂಟ್ ಧರ್ಮಸಭೆಯ ನಂತರ ಚರ್ಚುಗಳು ಮದುವೆಯ ದಾಖಲೆಯನ್ನು ಕಡ್ಡಾಯವಾಗಿ ಇಟ್ಟವು. ಆ ಪುಸ್ತಕಗಳನ್ನು ಆಧರಿಸಿ ಲೂಕಾ ಕವಾಲಿ-ಸ್ಫೋರ್ಜಾ ಮತ್ತು ಸಂಗಡಿಗರು ಪಾರ್ಮಾ ಕಣಿವೆಯ ಹಳ್ಳಿಗಳಲ್ಲಿ ಹೆಸರು ಮತ್ತು ವಂಶವಾಹಿಗಳ ನಂಟನ್ನು ಅಳೆದರು. ಎಮಿಡಿಯೊ ಡಿ ಫೆಲಿಚೆ 1980ರಲ್ಲಿ ಟೆಲಿಫೋನ್ ಡೈರೆಕ್ಟರಿಗಳನ್ನೇ ಎಣಿಸಿ ಇಟಲಿಯ ಮನೆತನದ ಹೆಸರುಗಳ ಪ್ರಮಾಣವನ್ನು ಲೆಕ್ಕ ಹಾಕಿದ. ಅಮೆರಿಕಕ್ಕೋ ಅರ್ಜೆಂಟೀನಾಕ್ಕೋ ಹೋದ ಕುಟುಂಬದ ಮೂಲ ಜಿಲ್ಲೆಯನ್ನು ಇಂದು ಹೆಸರಿನಿಂದಲೇ ಅಂದಾಜಿಸಬಹುದಾದರೆ ಅದರ ಹಿಂದೆ ಇಂಥ ದುಡಿಮೆಯಿದೆ.

ಕನ್ನಡದಲ್ಲೂ ಈ ದಾರಿ ಹೊಸದಲ್ಲ. ಶಂ.ಬಾ. ಜೋಶಿ ಊರಿನ ಹೆಸರುಗಳಿಂದ ನಾಡಿನ ಚರಿತ್ರೆಯನ್ನು ಹುಡುಕಿದರು, ಎಂ.ಎಂ. ಕಲಬುರ್ಗಿ ಸ್ಥಳನಾಮ, ವ್ಯಕ್ತಿನಾಮ, ಅಡ್ಡಹೆಸರುಗಳನ್ನು ನಾಮವಿಜ್ಞಾನವೆಂಬ ಶಿಸ್ತಿನೊಳಗೆ ತಂದರು. ಉತ್ತರ ಕರ್ನಾಟಕದ ಅಡ್ಡಹೆಸರು ಬಹುಪಾಲು ಊರನ್ನು ಹೇಳುವುದರಿಂದ ಅಲ್ಲಿ ಮೂಲ ಹುಡುಕುವುದು ಎಷ್ಟೋ ಸುಲಭ.

ಸೋಲಿಗರ ವಿಷಯದಲ್ಲಿ ಈ ವಿಧಾನಗಳು ಎರಡು ಕಡೆ ತಡವರಿಸುತ್ತವೆ. ಎಣಿಸಲು ದಾಖಲೆಯೇ ಇಲ್ಲ ಎಂಬುದು ಒಂದು. ಇನ್ನೊಂದು ಹೆಚ್ಚು ಆಳದ್ದು: ಒಂದೇ ಕುಲದೊಳಗೆ ಮದುವೆಯೇ ನಡೆಯದ ಮೇಲೆ ಜಾರ್ಜ್ ಡಾರ್ವಿನ್ನನ ಲೆಕ್ಕ ಸೊನ್ನೆಯಾಗುತ್ತದೆ. ಸೋದರಮಾವನ ಮಗಳು ಯಾವಾಗಲೂ ಬೇರೆ ಕುಲದವಳೇ ಆದ್ದರಿಂದ, ಹತ್ತಿರದ ಸಂಬಂಧದ ಮದುವೆ ಎಷ್ಟೇ ನಡೆದರೂ ಹೆಸರಿನ ಲೆಕ್ಕದಲ್ಲಿ ಅದು ಕಾಣುವುದಿಲ್ಲ. ಇಲ್ಲಿ ಎಣಿಸಬೇಕಾದ್ದು ಯಾವ ಕುಲ ಯಾವ ಕುಲದೊಂದಿಗೆ, ಯಾವ ಪೋಡು ಯಾವ ಪೋಡಿನೊಂದಿಗೆ ಹೆಣ್ಣು ಕೊಟ್ಟು ತಂದಿದೆ ಎಂಬುದನ್ನು. ಅದಕ್ಕೆ ಕಚೇರಿಯ ಕಡತ ಸಾಲದು, ಕಾಡಿಗೆ ಹೋಗಬೇಕು.

ನಕ್ಷೆಯ ಕಾಲ

1974ರಲ್ಲಿ ಬಿಳಿಗಿರಿರಂಗನ ಬೆಟ್ಟ ವನ್ಯಜೀವಿಧಾಮವಾಯಿತು. 1987ರಲ್ಲಿ ಅದರ ವಿಸ್ತೀರ್ಣ ಸುಮಾರು 540 ಚದರ ಕಿಲೋಮೀಟರಿಗೆ ಹಿಗ್ಗಿತು. ಜಾಗ ಬದಲಿಸುತ್ತಾ ರಾಗಿ ಬೆಳೆಯುತ್ತಿದ್ದ ಬೇಸಾಯ ನಿಂತಿತು, ಬೇಟೆ ನಿಂತಿತು, ಕಾಡಿನೊಳಗೆ ಚದುರಿದ್ದ ಜನ ರಸ್ತೆಬದಿಯ ಪೋಡುಗಳಿಗೆ ಬಂದರು. ಕುಲದ ಹೆಸರು ಯಾವ ನೆಲವನ್ನು ಹಿಡಿದು ನಿಂತಿತ್ತೋ ಆ ನೆಲಕ್ಕೆ ಹೋಗಲು ಅನುಮತಿ ಕೇಳಬೇಕಾಯಿತು.

ಆ ನೆಲದ ವ್ಯವಸ್ಥೆಯೇ ‘ಎಲ್ಲೆ’. ಒಂದೊಂದು ಕುಲಕ್ಕೂ ತನ್ನದೆಂದು ಗುರುತಿಸಿದ ಎಲ್ಲೆಗಳಿವೆ, ಒಂದೊಂದು ಎಲ್ಲೆಯೊಳಗೆ ಐದು ಬಗೆಯ ಪವಿತ್ರ ಜಾಗಗಳು: ದೇವರು, ಮಾರಮ್ಮ, ವೀರು, ಕಲ್ಲುಗುಡಿ ಮತ್ತು ನೀರಿನ ಅಬ್ಬಿ. ಕಲ್ಲುಗುಡಿಯೆಂದರೆ ಕುಲದ ಸತ್ತವರ ಕಲ್ಲುಗಳು ಸೇರುವ ಜಾಗ. ಭಾರ್ಗವಿ ಹೊಳೆಯ ದಡದ ದೊಡ್ಡ ಸಂಪಿಗೆ ಮರ ಯಾತ್ರಿಕರಿಗೂ ಗೊತ್ತು. ಬುಡದಲ್ಲಿ ಕಲ್ಲುಗಳನ್ನು ಇಟ್ಟು ಪೂಜಿಸುವ ಆ ಮುದಿ ಮರದಂತೆ ಹೊರಗಿನವರಿಗೆ ಹೆಸರೇ ತಿಳಿಯದ ತಾಣಗಳು ಬೆಟ್ಟದ ಉದ್ದಕ್ಕೂ ನೂರಾರಿವೆ.

ಈ ತಾಣಗಳನ್ನು ನಕ್ಷೆಗೆ ತರುವ ಕೆಲಸ ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಮತ್ತು ಸೋಲಿಗರು ಕೂಡಿ ಮಾಡಿದ್ದು. ಕುಲದ ಹಿರಿಯರು ಮುಂದೆ ನಡೆದು ಜಾಗ ತೋರಿಸಿದರು, ಜಿಪಿಎಸ್ ಹಿಡಿದವರು ಗುರುತು ಹಾಕಿಕೊಂಡರು. ಈ ಕೆಲಸದ ವಿವರ ಸುಸ್ಮಿತಾ ಮಂಡಲ್, ನಿತಿನ್ ರೈ ಮತ್ತು ಸಿ. ಮಾದೇಗೌಡ 2010ರಲ್ಲಿ ಪ್ರಕಟಿಸಿದ ಲೇಖನದಲ್ಲಿದೆ. ಮಾದೇಗೌಡರು ಸ್ವತಃ ಸೋಲಿಗರು. 2009ರಲ್ಲಿ ಅವರು ಸೋಲಿಗರ ಪಾರಂಪರಿಕ ತಿಳಿವಳಿಕೆ ಮತ್ತು ಅರಣ್ಯ ರಕ್ಷಣೆಯ ಬಗ್ಗೆ ಪ್ರತ್ಯೇಕ ಲೇಖನವನ್ನೂ ಬರೆದಿದ್ದರು. ಬುಕಾನನ್‌ನಿಂದ ಮೊರಬ್‌ವರೆಗೆ ಸೋಲಿಗರು ಉತ್ತರ ಕೊಡುವವರಾಗಿದ್ದರು. ಇಲ್ಲಿ ಅವರೇ ಪ್ರಶ್ನೆ ಕೇಳುವವರಾದರು. ಈ ಕ್ಷೇತ್ರದ ಇನ್ನೂರು ವರ್ಷಗಳಲ್ಲಿ ಇದಕ್ಕಿಂತ ದೊಡ್ಡ ತಿರುವು ಇನ್ನೊಂದಿಲ್ಲ.

ಆ ನಕ್ಷೆ ಸಂಶೋಧನೆಯ ಹಾಳೆಯಲ್ಲಿ ಉಳಿಯಲಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕು ಕೇಳುವಾಗ, ನಾವು ತಲೆಮಾರುಗಳಿಂದ ಇಲ್ಲಿದ್ದೇವೆ ಎಂಬ ಮಾತಿಗೆ ಕುಲದ ತಾಣಗಳು ಆಧಾರವಾದವು. ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾದ ಬೆನ್ನಲ್ಲೇ, 2011ರಲ್ಲಿ, ಅಲ್ಲಿನ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ದೇಶದ ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಇದು ಮೊದಲ ಉದಾಹರಣೆ. ಮದುವೆಗೆ ಮಾತ್ರ ಬೇಕಾದದ್ದೆಂದು ಪಟ್ಟಿಗಳು ಭಾವಿಸಿದ್ದ ಕುಲದ ಹೆಸರು ಕಾನೂನಿನ ಮುಂದೆ ನೆಲದ ಸಾಕ್ಷಿಯಾಗಿ ನಿಂತಿತು.

ಭಾಷೆಯ ಅಧ್ಯಯನವೂ ಇದೇ ಅವಧಿಯಲ್ಲಿ ಮಾಗಿತು. ಕಾಮಿಲ್ ಜ್ವೆಲೆಬಿಲ್ 1990ರಲ್ಲಿ ನೀಲಗಿರಿ ಆಸುಪಾಸಿನ ಶೋಲಗರ ಮಾತಿನ ವಿವರಣೆ ಬರೆದರು. ಆಂಗ್ ಸಿ ಬಿಳಿಗಿರಿರಂಗನ ಬೆಟ್ಟದಲ್ಲಿ ಕೆಲಸ ಮಾಡಿ 2016ರಲ್ಲಿ ಸೋಲಿಗ ನುಡಿ ಮತ್ತು ಪರಿಸರ ಜ್ಞಾನದ ಬಗ್ಗೆ ಗ್ರಂಥ ತಂದರು. ಸಮೀರಾ ಅಗ್ನಿಹೋತ್ರಿಯವರೊಂದಿಗೆ ಹಕ್ಕಿಗಳ ಹೆಸರುಗಳನ್ನೂ ಅಧ್ಯಯನ ಮಾಡಿದರು. ಹೆಜ್ಜೇನು, ತುಡುವೆ, ಕಡ್ಡಿಜೇನು, ನಸರುಜೇನುಗಳ ನಡುವಿನ ಸೂಕ್ಷ್ಮಗಳನ್ನು ನುಡಿಯಲ್ಲೇ ಹಿಡಿದಿಟ್ಟ ಜನರ ಕುಲನಾಮಗಳನ್ನು ಅವರ ನುಡಿಯ ಉಚ್ಚಾರದಲ್ಲೇ ಬರೆಯಲು ಈಗ ಸಾಧ್ಯವಿದೆ. ಮದರಾಸು, ಮೈಸೂರುಗಳ ಗುಮಾಸ್ತರ ಕಾಗುಣಿತಕ್ಕೆ ಇನ್ನು ಜೋತುಬೀಳಬೇಕಿಲ್ಲ.

ಮುಂದಿನ ಕೆಲಸ

ನಕ್ಷೆ ಆದದ್ದು ಕರ್ನಾಟಕದ ಬೆಟ್ಟದಲ್ಲಿ. ಗಡಿಯಾಚೆಯ ಕಾಡು 2013ರಿಂದ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ. ಆನೆಗೂ ಹುಲಿಗೂ ಈ ಎರಡು ಕಾಡು ಒಂದೇ ಎಂದು ಎರಡೂ ರಾಜ್ಯಗಳ ಅರಣ್ಯ ಇಲಾಖೆಗಳು ಒಪ್ಪುತ್ತವೆ. ತೆನೇರರಿಗೂ ಸೂರಿಯರಿಗೂ ಅದು ಒಂದೇ ಎಂದು ಒಪ್ಪಲು ಏನು ಕಷ್ಟ? ಪುಣಜನೂರಿನ ಪೋಡಿನವರ ಕುಲದ ಎಲ್ಲೆ ಗೆರೆಯಾಚೆ ಎಲ್ಲಿಯವರೆಗೆ ಹೋಗುತ್ತದೆ, ಹಾಸನೂರು ಕಡೆಯವರ ಕಲ್ಲುಗುಡಿ ಈಚೆಗೆ ಎಲ್ಲಿದೆ ಎಂಬುದನ್ನು ಎರಡೂ ಕಡೆಯ ಹಿರಿಯರು ಒಟ್ಟಿಗೆ ನಡೆದು ಗುರುತಿಸಬೇಕು. ಅದು ಅವರದೇ ಗ್ರಾಮಸಭೆಗಳ ದಾಖಲೆಯಾಗಿ, ಅವರದೇ ಒಪ್ಪಿಗೆಯಲ್ಲಿ ಇರಬೇಕು. ಯಾವ ತಾಣ ಗುಟ್ಟಾಗಿ ಉಳಿಯಬೇಕು ಎಂಬ ತೀರ್ಮಾನವೂ ಅವರದೇ.

ಈ ಕೆಲಸಕ್ಕೆ ಅವಸರವಿದೆ. ಎಲ್ಲೆಗಳನ್ನು ನಡೆದು ಬಲ್ಲ ತಲೆಮಾರು 1974ಕ್ಕೆ ಮೊದಲು ಕಾಡಿನೊಳಗೆ ಬೆಳೆದದ್ದು. ಅವರಿಗೆ ಈಗ ವಯಸ್ಸಾಗಿದೆ. ಕಾಫಿ ತೋಟದ ಕೂಲಿಗೆ, ಪಟ್ಟಣದ ಓದಿಗೆ ಹೋದ ಮಕ್ಕಳು ತಮ್ಮ ಕುಲದ ಹೆಸರನ್ನು ಬಲ್ಲರು, ಆ ಹೆಸರಿನ ಕಲ್ಲುಗುಡಿಗೆ ದಾರಿ ಎಲ್ಲರಿಗೂ ಗೊತ್ತಿಲ್ಲ. ಇಟಲಿಯ ಹಳ್ಳಿಯ ಹೆಸರು ಹೊತ್ತು ಸಾಗರ ದಾಟಿದ ಕುಟುಂಬಕ್ಕೆ ಮೂರು ತಲೆಮಾರಿನ ಮೇಲೂ ತನ್ನ ಊರು ಹುಡುಕಲು ಚರ್ಚಿನ ಪುಸ್ತಕವಿದೆ. ಸೋಲಿಗರ ಮೊಮ್ಮಕ್ಕಳಿಗೆ ಅಂಥ ಪುಸ್ತಕವನ್ನು ಬರೆಯಬಲ್ಲವರು ಪುಣಜನೂರಿನ ಎರಡೂ ಬದಿಯ ಪೋಡುಗಳಲ್ಲಿ ಇನ್ನೂ ಇದ್ದಾರೆ. ಅವರಿರುವಾಗಲೇ, ಅವರ ಕೈಯಿಂದಲೇ, ಗಡಿಯನ್ನು ಲೆಕ್ಕಿಸದೆ ಅದು ಬರಹಕ್ಕೆ ಬರಬೇಕು.