ಉಗಾಂಡದ ಪಾದ್ರಿಯೊಬ್ಬರು ಬಾಯಿಬಿಟ್ಟು ಹೇಳಿದ ಮಾತು



ತರಗತಿಯಲ್ಲಿ ನಾನು ನಿಮಗೆ ಹೇಳಿದ ಚರಿತ್ರೆಯಲ್ಲಿ ಯುದ್ಧಗಳಿದ್ದವು, ಒಪ್ಪಂದಗಳಿದ್ದವು, ರಾಜವಂಶಗಳ ಏಳುಬೀಳುಗಳಿದ್ದವು. ರೋಗಗಳ ಚರಿತ್ರೆ ನಮ್ಮ ಪಠ್ಯಪುಸ್ತಕದಲ್ಲಿ ಇರಲಿಲ್ಲ. ಪ್ಲೇಗಿನ ಹೆಸರು ಅಲ್ಲೊಂದು ಕಡೆ, ಇಲ್ಲೊಂದು ಕಡೆ ಬಂದು ಹೋಗುತ್ತಿತ್ತು, ಅಷ್ಟೆ. ಆದರೆ ಒಂದು ರೋಗ ಸಮಾಜದೊಳಗೆ ಕಾಲಿಟ್ಟಾಗ ಮನುಷ್ಯರು ಪರಸ್ಪರ ಹೇಗೆ ನಡೆದುಕೊಳ್ಳುತ್ತಾರೆ ಎಂಬುದೂ ಚರಿತ್ರೆಯೇ. ಈ ಸಲ ಎಚ್‌ಐವಿ ಸೋಂಕಿನೊಡನೆ ಬದುಕಿದ, ಅದನ್ನು ಮರೆಮಾಚದೆ ಬದುಕಿದ ಒಬ್ಬ ಕ್ರೈಸ್ತ ಪಾದ್ರಿಯ ಬಗ್ಗೆ ಬರೆಯುತ್ತಿದ್ದೇನೆ. ಅವರ ಹೆಸರು ಕ್ಯಾನನ್ ಗಿಡಿಯನ್ ಬ್ಯಾಮುಗಿಶಾ. ದೇಶ ಪೂರ್ವ ಆಫ್ರಿಕದ ಉಗಾಂಡ. ಕ್ಯಾನನ್ ಎಂಬುದು ಹೆಸರಿನ ಭಾಗವಲ್ಲ. ಆಂಗ್ಲಿಕನ್ ಸಭೆಯಲ್ಲಿ ಹಿರಿಯ ಪಾದ್ರಿಗಳಿಗೆ ಕೊಡುವ ಗೌರವದ ಪದವಿ.

ಮೊದಲು ದೇಶದ ಪರಿಸ್ಥಿತಿಯನ್ನು ಹೇಳಬೇಕು. 1970ರ ದಶಕದಲ್ಲಿ ಇದಿ ಅಮೀನನ ಆಳ್ವಿಕೆ, ಅದರ ಬೆನ್ನಿಗೇ ಅಂತರ್ಯುದ್ಧ. ಇದಿ ಅಮೀನನೆಂದರೆ ನಮ್ಮವರಿಗೂ ನೆನಪಿರಬೇಕು. 1972ರಲ್ಲಿ ಅಲ್ಲಿಂದ ಸಾವಿರಾರು ಭಾರತೀಯರನ್ನು ಹೊರದೂಡಿದವನು ಅವನೇ. ಆಸ್ಪತ್ರೆಗಳು ಹಾಳುಬಿದ್ದಿದ್ದ ಆ ಕಾಲದಲ್ಲಿ, 1982ರ ಸುಮಾರಿಗೆ, ವಿಕ್ಟೋರಿಯಾ ಸರೋವರದ ದಂಡೆಯಲ್ಲಿರುವ, ಆಗ ರಕಾಯ್ ಜಿಲ್ಲೆಗೆ ಸೇರಿದ್ದ ಕಸೆನ್ಸೆರೊ ಎಂಬ ಮೀನುಗಾರರ ಊರಿನಲ್ಲಿ ವಿಚಿತ್ರವಾದ ಕಾಯಿಲೆಯೊಂದು ಕಾಣಿಸಿಕೊಂಡಿತು. ನಿಲ್ಲದ ಭೇದಿ, ಜ್ವರ, ದಿನದಿಂದ ದಿನಕ್ಕೆ ಕರಗುವ ಶರೀರ. ಜನ ಅದನ್ನು ‘ಸ್ಲಿಮ್’ ಎಂದು ಕರೆದರು, ಅಂದರೆ ಸೊರಗುವ ರೋಗ. ಯಾರೋ ಮಾಟ ಮಾಡಿಸಿದ್ದಾರೆ ಎಂದು ಕೆಲವರು ನಂಬಿದರು. 1985ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಉಗಾಂಡದ ವೈದ್ಯರು ಮತ್ತು ಅವರ ಸಹೋದ್ಯೋಗಿಗಳು ಈ ರೋಗದ ವಿವರಗಳನ್ನು ಪ್ರಕಟಿಸಿದ ಮೇಲೆ, ಅದು ಏಡ್ಸ್ ಎಂಬುದು ಜಗತ್ತಿಗೆ ಸ್ಪಷ್ಟವಾಯಿತು. 1992ರ ಹೊತ್ತಿಗೆ ಅಲ್ಲಿಯ ಕೆಲವು ನಗರಗಳ ತಪಾಸಣಾ ಕೇಂದ್ರಗಳಿಗೆ ಬರುತ್ತಿದ್ದ ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು 30 ಮಂದಿಗೆ ಸೋಂಕಿತ್ತು. ಹತ್ತು ಜನ ಹೆಂಗಸರು ಸಾಲಿನಲ್ಲಿ ಕುಳಿತಿದ್ದರೆ ಅವರಲ್ಲಿ ಮೂವರಿಗೆ! ಈ ಅಂಕಿಯನ್ನು ಮೊದಲ ಬಾರಿ ಓದಿದಾಗ ನಾನು ಪುಸ್ತಕವನ್ನು ಸ್ವಲ್ಪ ಹೊತ್ತು ಮಡಚಿಟ್ಟಿದ್ದೆ.

ಇಂಥ ಕಡೆ ಮೊದಲು ಬಾಯಿಬಿಟ್ಟವರು ಪಾದ್ರಿಯಲ್ಲ, ಒಬ್ಬ ಹಾಡುಗಾರ. ಫಿಲಿ ಲುಟಾಯ ಎಂಬ ಜನಪ್ರಿಯ ಗಾಯಕ, ಸ್ವೀಡನ್ನಿನಲ್ಲಿ ನೆಲೆಸಿದ್ದವರು, 1989ರಲ್ಲಿ ತಾಯ್ನಾಡಿಗೆ ಮರಳಿ ತಮಗೆ ಏಡ್ಸ್ ಇದೆಯೆಂದು ಬಹಿರಂಗವಾಗಿ ಹೇಳಿದರು. ಹಣಕ್ಕಾಗಿ, ಪ್ರಚಾರಕ್ಕಾಗಿ ಸುಳ್ಳು ಹೇಳುತ್ತಿದ್ದಾನೆ ಎಂದು ಜನ ಆಡಿಕೊಂಡರಂತೆ. ಅವರು ಶಾಲೆಗಳಿಗೆ, ಚರ್ಚುಗಳಿಗೆ ಹೋಗಿ ಮಾತನಾಡಿದರು. ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಅದಕ್ಕೂ ಎರಡು ವರ್ಷ ಮೊದಲು, 1987ರಲ್ಲಿ, ಈ ರೋಗದಿಂದ ಪತಿಯನ್ನು ಕಳೆದುಕೊಂಡ ನೊಯರೀನ್ ಕಲೀಬಾ ಎಂಬ ಮಹಿಳೆ, ಸಂಗಡಿಗರೊಡನೆ ‘ಟಾಸೊ’ ಎಂಬ ಸಂಸ್ಥೆಯನ್ನು ಕಟ್ಟಿದ್ದರು. ಸೋಂಕಿತರೇ ಸೋಂಕಿತರಿಗೆ ನೆರವಾಗುವ ಸಂಸ್ಥೆ ಅದು.

ಹಾಗಾದರೆ ಚರ್ಚು ಏನು ಮಾಡುತ್ತಿತ್ತು? ನಿಷ್ಠುರವಾಗಿ ಹೇಳುವುದಾದರೆ, ಹೆಚ್ಚಿನ ಕಡೆ ಅಂತ್ಯಸಂಸ್ಕಾರ ಮಾಡುತ್ತಿತ್ತು, ಮತ್ತು ಪಾಪದ ಬಗ್ಗೆ ಉಪದೇಶಿಸುತ್ತಿತ್ತು. ಇದು ದೇವರು ಕೊಟ್ಟ ಶಿಕ್ಷೆ ಎಂಬ ಮಾತು ಆಫ್ರಿಕದಲ್ಲಿ ಮಾತ್ರವಲ್ಲ, ಅಮೆರಿಕದ ಪ್ರಸಿದ್ಧ ಬೋಧಕರ ಬಾಯಲ್ಲಿಯೂ ಬಂದಿತ್ತು. ಪ್ರಭುಭೋಜನದಲ್ಲಿ ಎಲ್ಲರೂ ಒಂದೇ ಪಾತ್ರೆಯಿಂದ ದ್ರಾಕ್ಷಾರಸ ಸ್ವೀಕರಿಸುವುದು ಸುರಕ್ಷಿತವೇ ಎಂಬ ಚರ್ಚೆ 1980ರ ದಶಕದ ನಡುವೆ ಪಾಶ್ಚಾತ್ಯ ಸಭೆಗಳಲ್ಲಿ ಬಿರುಸಾಗಿ ನಡೆಯಿತು. ಎಂಜಲಿನಿಂದ ಈ ವೈರಸ್ ಹರಡುವುದಿಲ್ಲ ಎಂದು ವೈದ್ಯರು ಹೇಳಿದರೂ ಹೆದರಿಕೆ ಹೋಗಲಿಲ್ಲ. ಎಲ್ಲರೂ ಒಂದು ಎಂಬುದರ ಗುರುತಾದ ಪಾತ್ರೆಯ ಮೇಲೆಯೇ ಅನುಮಾನ ಬಂದುಬಿಟ್ಟಿತು. ನಮ್ಮಲ್ಲಿ ಬಾವಿ, ಲೋಟ, ಪಂಕ್ತಿಭೋಜನಗಳ ಚರಿತ್ರೆ ಬಲ್ಲವರಿಗೆ ಇದರ ಅರ್ಥ ಹೇಳಿಕೊಡಬೇಕಾಗಿಲ್ಲ.

1959ರಲ್ಲಿ ಹುಟ್ಟಿದ ಬ್ಯಾಮುಗಿಶಾ ಆಗ ತರುಣ ಪಾದ್ರಿ. 1991ರಲ್ಲಿ ಅವರ ಪತ್ನಿ ತೀರಿಕೊಂಡರು. ಸಾವಿಗೆ ಕಾರಣ ಏಡ್ಸ್ ಎಂಬುದು ಅವರಿಗೆ ತಿಳಿದದ್ದು ಆಮೇಲೆ. ಅವರು ತಾವೂ ರಕ್ತಪರೀಕ್ಷೆ ಮಾಡಿಸಿಕೊಂಡರು, ಸೋಂಕಿತ್ತು. ಕೈಯಲ್ಲೊಂದು ಎಳೆಯ ಮಗು, ಬೆನ್ನ ಹಿಂದೆ ಸಭೆ. ಆ ಕಾಲದಲ್ಲಿ ಔಷಧವೆಂದು ಹೇಳಿಕೊಳ್ಳುವಂಥದ್ದು ಸಾಮಾನ್ಯರಿಗೆ ಇರಲಿಲ್ಲ. ಮೂರು ಔಷಧಗಳ ಸಂಯುಕ್ತ ಚಿಕಿತ್ಸೆ ಫಲಕಾರಿ ಎಂದು ಜಗತ್ತಿಗೆ ಗೊತ್ತಾದದ್ದು 1996ರಲ್ಲಿ. ಆದ್ದರಿಂದ 1992ರಲ್ಲಿ ‘ನನಗೆ ಎಚ್‌ಐವಿ ಇದೆ’ ಎನ್ನುವುದೆಂದರೆ, ನಾನು ಸಾಯುತ್ತೇನೆ ಎಂದೂ, ನನ್ನ ನಡತೆಯನ್ನು ನೀವು ಶಂಕಿಸಬಹುದು ಎಂದೂ ಒಂದೇ ಉಸಿರಿನಲ್ಲಿ ಹೇಳಿದಂತೆ. ಬ್ಯಾಮುಗಿಶಾ ಆ ವರ್ಷ ಅದನ್ನು ಹೇಳಿದರು. ಆಫ್ರಿಕದ ಧಾರ್ಮಿಕ ಮುಖಂಡರಲ್ಲಿ ಹಾಗೆ ಬಹಿರಂಗವಾಗಿ ಹೇಳಿಕೊಂಡ ಮೊದಲಿಗರು ಅವರೇ.

ಸಭೆ ಅವರನ್ನು ಹೊರಗೆ ಹಾಕಲಿಲ್ಲ. ನಮಿರೆಂಬೆಯ ಬಿಷಪ್ ಆಗಿದ್ದ ಮಿಸೇರಿ ಕೌಮಾ ಏಡ್ಸ್ ವಿಷಯದಲ್ಲಿ ತೆರೆದ ಮನಸ್ಸಿನವರು. ಸರ್ಕಾರದ ಏಡ್ಸ್ ಆಯೋಗದ ಅಧ್ಯಕ್ಷರಾಗಿಯೂ ದುಡಿದವರು. ಬ್ಯಾಮುಗಿಶಾ ಆ ಧರ್ಮಪ್ರಾಂತದ ಏಡ್ಸ್ ಕಾರ್ಯದಲ್ಲಿ ತೊಡಗಿಕೊಂಡರು. ಒಬ್ಬನ ಧೈರ್ಯದ ಕಥೆ ಹೇಳುವಾಗ, ಆ ಧೈರ್ಯಕ್ಕೆ ನಿಲ್ಲಲು ಜಾಗ ಕೊಟ್ಟವರನ್ನು ನಾವು ಮರೆಯುತ್ತೇವೆ. ಅದಕ್ಕೇ ಕೌಮಾ ಅವರ ಹೆಸರನ್ನು ಇಲ್ಲಿ ಬರೆದಿದ್ದೇನೆ.

ಇಲ್ಲಿ ಸ್ವಲ್ಪ ಅಡ್ಡ ಬರುತ್ತೇನೆ, ಕ್ಷಮಿಸಿ. 1990ರ ದಶಕದ ಕೊನೆಯಲ್ಲಿ ನನಗೆ ಗೊತ್ತಿದ್ದ ಒಂದು ಶಾಲೆಯಲ್ಲಿ ಎಂಟನೆಯ ತರಗತಿಯ ಹುಡುಗನೊಬ್ಬನ ತಂದೆ ತೀರಿಕೊಂಡರು. ಲಾರಿ ಚಾಲಕರು. ಕಾಯಿಲೆಯ ಹೆಸರನ್ನು ಯಾರೂ ಹೇಳಲಿಲ್ಲ, ಎಲ್ಲರೂ ಊಹಿಸಿದರು. ವಾರದೊಳಗೆ ನಾಲ್ಕಾರು ಜನ ಪೋಷಕರು ಬಂದು ಆ ಹುಡುಗನನ್ನು ಬೇರೆ ಬೆಂಚಿನಲ್ಲಿ ಕೂರಿಸಿ ಎಂದರು. ಮುಖ್ಯೋಪಾಧ್ಯಾಯರು ಒಪ್ಪಲಿಲ್ಲ. ಆದರೆ ಬೇರೆ ಬೆಂಚು ಬೇಕಾಗಲೇ ಇಲ್ಲ. ಪಕ್ಕದವರು ತಾವಾಗಿಯೇ ಸರಿದು ಕೂತರು. ದಸರಾ ರಜೆ ಮುಗಿದ ಮೇಲೆ ಹುಡುಗ ಬರಲಿಲ್ಲ. ಅವನಿಗೆ ಸೋಂಕು ಇತ್ತೆಂದು ಯಾರೂ ಪರೀಕ್ಷಿಸಿರಲಿಲ್ಲ, ಇದ್ದಿದ್ದರೂ ಬೆಂಚಿನಿಂದ ಅದು ಹರಡುತ್ತಿರಲಿಲ್ಲ. ಬ್ಯಾಮುಗಿಶಾ ಅವರ ಬಗ್ಗೆ ಓದುವಾಗಲೆಲ್ಲ ಆ ಅರ್ಧ ಖಾಲಿಯಾದ ಬೆಂಚು ನನ್ನ ಕಣ್ಣಮುಂದೆ ಬರುತ್ತದೆ.

ಬ್ಯಾಮುಗಿಶಾ ಅವರ ವಿಶ್ವಾಸದಲ್ಲಿ ನನಗೆ ಮುಖ್ಯವಾಗಿ ಕಾಣುವುದು, ಅವರು ಪವಾಡದ ವಾಸಿಯ ಮಾತನ್ನು ಮುಂದಿಡಲಿಲ್ಲ ಎಂಬುದು. ‘ಪ್ರಾರ್ಥಿಸಿದೆ, ರೋಗ ಹೋಯಿತು’ ಎನ್ನುವ ಬೋಧಕರು ಆ ದೇಶದಲ್ಲಿ ಬೇಕಾದಷ್ಟು ಇದ್ದರು. ಅವರ ಮಾತು ಕೇಳಿ ಮಾತ್ರೆ ಬಿಟ್ಟು ಸತ್ತವರೂ ಇದ್ದರು. ಇವರ ದಾರಿ ಬೇರೆ. ರೋಗ ಇದೆ, ದೇವರೂ ಇದ್ದಾನೆ, ಔಷಧವೂ ಬೇಕು. ಯೋಹಾನನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ಕಂಡ ಶಿಷ್ಯರು, ಇವನು ಹೀಗಾಗಲು ಪಾಪ ಮಾಡಿದವರಾರು, ಇವನೋ ಇವನ ಹೆತ್ತವರೋ ಎಂದು ಕೇಳುತ್ತಾರೆ. ಯೇಸು ಆ ಪ್ರಶ್ನೆಯನ್ನೇ ತಳ್ಳಿಹಾಕುತ್ತಾನೆ. ಹಳೆಯ ಒಡಂಬಡಿಕೆಯ ಯೋಬನ ಗೆಳೆಯರೂ ಅಷ್ಟೆ, ನೀನು ಏನೋ ತಪ್ಪು ಮಾಡಿರಲೇಬೇಕು ಎಂದು ಸಾಧಿಸುತ್ತಾರೆ. ಕಡೆಯಲ್ಲಿ ದೇವರು ಗದರುವುದು ಆ ಗೆಳೆಯರನ್ನು. ಕರ್ಮಸಿದ್ಧಾಂತದ ನಾಡಿನಲ್ಲಿ ಬೆಳೆದ ನನಗೆ ಈ ಎರಡು ಕಥೆಗಳು ಯಾವಾಗಲೂ ಸ್ವಾರಸ್ಯಕರವಾಗಿ ತೋರಿವೆ. ಸೋಂಕಿತನಾದ ವಿಶ್ವಾಸಿಯೊಬ್ಬನಿಗೆ ಅವು ಊರುಗೋಲಾಗಿರಬೇಕು.

ಉಗಾಂಡದ ಸರ್ಕಾರ ‘ಎಬಿಸಿ’ ಎಂಬ ಸೂತ್ರಕ್ಕೆ ಹೆಸರಾಗಿತ್ತು. ಸಂಯಮ, ಸಂಗಾತಿಗೆ ನಿಷ್ಠೆ, ಇಲ್ಲವೇ ಕಾಂಡೋಮ್. ರೋಗ ತಗ್ಗಿಸುವುದರಲ್ಲಿ ಇದಕ್ಕೆ ಪಾಲಿತ್ತು, ಅಲ್ಲಗಳೆಯಲಾಗದು. ಆದರೆ ಬ್ಯಾಮುಗಿಶಾ ಮತ್ತವರ ಸಂಗಡಿಗರು ಒಂದು ಸೂಕ್ಷ್ಮವನ್ನು ಎತ್ತಿ ತೋರಿಸಿದರು. ಈ ಸೂತ್ರದ ಪ್ರಕಾರ ಸೋಂಕು ತಗಲಿದವರೆಲ್ಲ ಪರೀಕ್ಷೆಯಲ್ಲಿ ನಪಾಸಾದವರು. ಹಾಗಾದರೆ ಗಂಡನಿಗೆ ನಿಷ್ಠಳಾಗಿದ್ದೂ ಗಂಡನಿಂದಲೇ ಸೋಂಕು ಪಡೆದ ಹೆಂಡತಿ? ತಾಯಿಯ ಹಾಲಿನಿಂದ ಪಡೆದ ಕೂಸು? ರಕ್ತ ತೆಗೆದುಕೊಂಡ ರೋಗಿ? ಅವರು ಬದಲಿಗೆ ‘ಸೇವ್’ ಎಂಬ ಸೂತ್ರವನ್ನು ಮುಂದಿಟ್ಟರು. ಸುರಕ್ಷಿತ ನಡೆಗಳು, ಔಷಧಗಳ ಲಭ್ಯತೆ, ಸ್ವಇಚ್ಛೆಯ ಪರೀಕ್ಷೆ ಮತ್ತು ಆಪ್ತಸಲಹೆ, ಶಿಕ್ಷಣದ ಮೂಲಕ ಸಬಲೀಕರಣ. ಸುರಕ್ಷಿತ ನಡೆ ಎಂಬುದರಲ್ಲಿ ಶುದ್ಧ ರಕ್ತ, ಶುದ್ಧ ಸೂಜಿಗಳೂ ಸೇರಿದವು. 2001ರ ನವೆಂಬರಿನಲ್ಲಿ ಚರ್ಚುಗಳ ವಿಶ್ವಮಂಡಳಿ ನೈರೋಬಿಯಲ್ಲಿ ನಡೆಸಿದ ಸಮಾಲೋಚನೆಯೂ, ಚರ್ಚುಗಳು ನೀಡಬಹುದಾದ ಅತಿ ದೊಡ್ಡ ಕೊಡುಗೆ ಕಳಂಕಭಾವನೆಯ ನಿವಾರಣೆ ಎಂದು ಒಪ್ಪಿತು. ಅದಾದ ಸ್ವಲ್ಪ ಕಾಲದಲ್ಲೇ ಬ್ಯಾಮುಗಿಶಾ ಮತ್ತು ಇತರರು ಸೋಂಕಿತ ಧರ್ಮಗುರುಗಳ ಆಫ್ರಿಕನ್ ಜಾಲವನ್ನು ಕಟ್ಟಿದರು. ಕ್ರೈಸ್ತರಿಗಷ್ಟೇ ಮೀಸಲಾಗದ ಆ ಜಾಲ ಮುಂದೆ ಆಫ್ರಿಕದ ಗಡಿಯನ್ನೂ ದಾಟಿತು. ಅವರು ಹೋರಾಡುವ ಶತ್ರುಗಳ ಪಟ್ಟಿಯಲ್ಲಿ ಆರು ಹೆಸರುಗಳು: ಕಳಂಕ, ನಾಚಿಕೆ, ನಿರಾಕರಣೆ, ತಾರತಮ್ಯ, ನಿಷ್ಕ್ರಿಯತೆ, ತಪ್ಪುಕ್ರಿಯೆ. ವೈರಸ್ಸಿನ ಹೆಸರು ಅದರಲ್ಲಿ ಇಲ್ಲ!

ಔಷಧದ ವಿಷಯದಲ್ಲಿ ನಮ್ಮ ದೇಶದ ಪಾತ್ರವನ್ನು ಹೇಳದೆ ಮುಂದೆ ಹೋಗಲಾರೆ. ಪಾಶ್ಚಾತ್ಯ ಕಂಪನಿಗಳ ಸಂಯುಕ್ತ ಚಿಕಿತ್ಸೆಗೆ ಒಬ್ಬ ರೋಗಿಗೆ ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಮೇಲ್ಪಟ್ಟು ತಗಲುತ್ತಿತ್ತು. 2001ರ ಫೆಬ್ರವರಿಯಲ್ಲಿ ಮುಂಬಯಿಯ ಸಿಪ್ಲಾ ಕಂಪನಿ ಅದನ್ನು 350 ಡಾಲರಿಗೆ, ಅಂದರೆ ದಿನಕ್ಕೆ ಒಂದು ಡಾಲರಿಗಿಂತ ಕಡಿಮೆಗೆ ಕೊಡುವುದಾಗಿ ಘೋಷಿಸಿತು. ಉಗಾಂಡದ ವೈದ್ಯ ಪೀಟರ್ ಮುಗ್ಯೇನಿ ಅದಕ್ಕೂ ಮುಂಚೆಯೇ, 2000ದಲ್ಲಿ, ಪೇಟೆಂಟಿನ ಬೆದರಿಕೆಯನ್ನು ಲೆಕ್ಕಿಸದೆ ಸಿಪ್ಲಾದ ಔಷಧ ತರಿಸಿದ್ದರು. ನಮ್ಮಲ್ಲಿ ಉಚಿತ ಚಿಕಿತ್ಸೆ ಆರಂಭವಾದದ್ದು 2004ರ ಏಪ್ರಿಲ್ 1ರಂದು. ಸೋಂಕು ಹೆಚ್ಚಿದ್ದ ರಾಜ್ಯಗಳ ಪೈಕಿ ಕರ್ನಾಟಕವೂ ಮೊದಲ ಸಾಲಿನಲ್ಲಿತ್ತು. ಸೋಂಕಿತರನ್ನು ಶಾಲೆ, ಕೆಲಸ, ಆಸ್ಪತ್ರೆ, ಬಾಡಿಗೆಮನೆಗಳಿಂದ ದೂರವಿಡುವುದನ್ನು ನಿಷೇಧಿಸುವ ಕಾಯ್ದೆ 2017ರಲ್ಲಿ ಆಯಿತು, 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ನಾನು ಹೇಳಿದ ಆ ಹುಡುಗನ ಕಾಲಕ್ಕೆ ಇರಲಿಲ್ಲ.

1995ರಲ್ಲಿ ಬ್ಯಾಮುಗಿಶಾ ಮರುಮದುವೆಯಾದರು. ವಧುವೂ ವಿಧವೆ, ಆಕೆಗೂ ಸೋಂಕಿತ್ತು. ಸಾಯಲಿರುವವರಿಗೆ ಮದುವೆಯೇಕೆ ಎಂದು ಕೇಳಲು ಜನರಿಗೆ ಕಾರಣವಿತ್ತು. 1999ರಲ್ಲಿ ಕಂಪಾಲದ ಮುಲಾಗೊ ಆಸ್ಪತ್ರೆಯಲ್ಲಿ ನಡೆದ ಅಧ್ಯಯನವೊಂದರ ಫಲಿತಾಂಶ ಹೊರಬಂತು. ಹೆರಿಗೆಯ ಹೊತ್ತಿಗೆ ತಾಯಿಗೆ ಒಂದು ಮಾತ್ರೆ, ಹುಟ್ಟಿದ ಮೇಲೆ ಮಗುವಿಗೆ ಒಂದು ಗುಟುಕು ನೆವಿರಪಿನ್ ಕೊಟ್ಟರೆ ಮಗುವಿಗೆ ಸೋಂಕು ದಾಟುವುದು ಅರ್ಧದಷ್ಟು ತಗ್ಗುತ್ತದೆ ಎಂದು ಅದು ತೋರಿಸಿತು. ಇಂದಿನ ಚಿಕಿತ್ಸೆಯಲ್ಲಿ ಆ ಅಪಾಯ ಇನ್ನೂ ಬಹಳ ಕಡಿಮೆ. ಅಷ್ಟೇ ಅಲ್ಲ, ಕ್ರಮವಾಗಿ ಔಷಧ ಸೇವಿಸಿ ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದವರಿಂದ ಸಂಗಾತಿಗೆ ಸೋಂಕು ದಾಟುವುದಿಲ್ಲವೆಂದು 2010ರ ದಶಕದ ಅಧ್ಯಯನಗಳು ಖಚಿತಪಡಿಸಿವೆ.

2009ರಲ್ಲಿ ಜಪಾನಿನ ನಿವಾನೊ ಶಾಂತಿ ಪ್ರಶಸ್ತಿ ಬ್ಯಾಮುಗಿಶಾ ಅವರಿಗೆ ಸಂದಿತು. ಬೌದ್ಧರ ಪ್ರತಿಷ್ಠಾನವೊಂದು ಕ್ರೈಸ್ತ ಪಾದ್ರಿಗೆ ಕೊಟ್ಟ ಗೌರವ ಅದು. ಅವರ ಎರಡನೆಯ ದಾಂಪತ್ಯದಲ್ಲಿ ಹುಟ್ಟಿದ ಇಬ್ಬರು ಹೆಣ್ಣುಮಕ್ಕಳಿಗೂ ಸೋಂಕಿಲ್ಲ.